ಹಳೇ ಆಡಿಯೋ ಇಂಟರ್‌ಫೇಸ್ ಕೊಳ್ಳುವ ಮುಂಚೆ ಅಂಗಡಿಯವನ ಲ್ಯಾಪ್‌ಟಾಪ್ ನೋಡಿ

ಸೆಕೆಂಡ್ ಹ್ಯಾಂಡ್ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ಸೇರಿಸುವ ಡಬ್ಬಿ) ತಗೊಳ್ಳಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿ. ನನ್ನ 14,500 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ.

ನಮ್ಮ ದೊಡ್ಡಪ್ಪನಿಗೆ 81 ವರ್ಷ. ವಿರಾಜಪೇಟೆ ಹತ್ತಿರದ ನಮ್ಮ ಊರಲ್ಲಿ ದುಡಿ (ಕೊಡವರ ಪುಟ್ಟ ಚರ್ಮವಾದ್ಯ) ಹಿಡಿದು ಹಳೇ ಪಾಟ್, ಅಂದರೆ ಕೊಡವ ಹಾಡು, ಪೂರ್ತಿ ಹಾಡುವವರು ನಾಲ್ಕೇ ಜನ ಉಳಿದಿದ್ದಾರೆ. ಹುತ್ತರಿ ಸುಗ್ಗಿ ಹಬ್ಬಕ್ಕೆ ನಾಲ್ವರೂ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಬರುತ್ತಾರೆ. ನಾಲ್ಕು ಮೈಕ್ ಇಟ್ಟು ಒಬ್ಬೊಬ್ಬರ ದನಿಯನ್ನೂ ಬೇರೆಬೇರೆಯಾಗಿ ಹಿಡಿದಿಡಬೇಕು ಅಂತ ನನ್ನ ಆಸೆ. ಅದಕ್ಕೆ ನಾಲ್ಕು ಇನ್‌ಪುಟ್ ಇರುವ ಇಂಟರ್‌ಫೇಸ್ ಬೇಕು. ಹೊಸದು ಕೊಳ್ಳುವಷ್ಟು ದುಡ್ಡು ಇರಲಿಲ್ಲ.

ಹುಣಸೂರು ದಾಟಿ ಮೈಸೂರಿಗೆ ಹೋದೆ. ಅಂಗಡಿಯವರು ಚೆನ್ನಾಗಿ ಮಾತಾಡಿಸಿದರು, ಕಾಫಿ ಕೊಟ್ಟರು. "ನನ್ನದು ವಿಂಡೋಸ್ 11, ಇದು ನಡೆಯುತ್ತಾ?" ಅಂತ ಎರಡು ಸಲ ಕೇಳಿದೆ. "ಪ್ಲಗ್ ಅಂಡ್ ಪ್ಲೇ ಸಾರ್, ಯಾವ ವಿಂಡೋಸ್ ಆದ್ರೂ ಸರಿ" ಅಂದರು. ಅವರದೇ ಲ್ಯಾಪ್‌ಟಾಪ್‌ಗೆ ಹಾಕಿ ತೋರಿಸಿದರು. ಮೈಕ್ ಮುಂದೆ ಮಾತಾಡಿದೆ, ಹಸಿರು ಗೆರೆ ಕುಣಿಯಿತು, ದನಿ ಗಾಜಿನಷ್ಟು ಸ್ವಚ್ಛ. ದುಡ್ಡು ಎಣಿಸಿ ಕೊಟ್ಟುಬಿಟ್ಟೆ. ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇತ್ತು. ಬ್ಯಾಗಿನಲ್ಲೇ ಇತ್ತು! ತೆಗೆಯಲೇ ಇಲ್ಲ.

ಮನೆಗೆ ಬಂದು ಹಾಕಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಅಂದರೆ ಡಬ್ಬಿ ನಡೆಯುತ್ತಿಲ್ಲ. ಕಂಪನಿಯ ಸೈಟ್ ನೋಡಿದೆ. ಈ ಮಾಡೆಲ್‌ಗೆ ಕೊನೆಯ ಡ್ರೈವರ್ (ಡಬ್ಬಿಯನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಬಂದಿರುವುದು ವಿಂಡೋಸ್ 7ಕ್ಕೆ. ಆಗ ನೆನಪಾಯಿತು. ಅಂಗಡಿಯ ಆ ಲ್ಯಾಪ್‌ಟಾಪ್‌ನ ಮೂಲೆಯಲ್ಲಿ ದುಂಡಗಿನ ಸ್ಟಾರ್ಟ್ ಬಟನ್ ಇತ್ತು. ವಿಂಡೋಸ್ 7ರದ್ದು. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈಬಿಟ್ಟ ವಿಂಡೋಸ್ ಅದು. ಅದನ್ನು ಇನ್ನೂ ಕೌಂಟರ್ ಮೇಲೆ ಯಾಕೆ ಇಟ್ಟುಕೊಂಡಿದ್ದಾರೆ ಅಂತ ನನಗೆ ಅಲ್ಲೇ ಹೊಳೆಯಬೇಕಿತ್ತು. ಕಣ್ಣಾರೆ ನೋಡಿದ್ದೆ ಆ ಬಟನ್ನನ್ನು. ರಾತ್ರಿ ನಿದ್ದೆ ಬರಲಿಲ್ಲ.

ಫೋನ್ ಮಾಡಿದೆ. "ನಾವು ಮಾಲು ಕೊಡ್ತೀವಿ ಸಾರ್, ಡ್ರೈವರ್ ಕಂಪನಿ ಕೊಡ್ಬೇಕು." ಎರಡನೇ ಸಲ: "ನಿಮ್ಮ ಲ್ಯಾಪ್‌ಟಾಪ್ ಪ್ರಾಬ್ಲಮ್ ಅದು, ನಮ್ಮ ಹತ್ರ ನಡೀತಲ್ವಾ?" ಮೂರನೇ ಸಲ ವಾಟ್ಸಾಪ್‌ನಲ್ಲಿ ಎಲ್ಲಿಯದೋ ಒಂದು ಲಿಂಕ್ ಕಳಿಸಿ, ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ಇದನ್ನು ಹಾಕಿ ಅಂದರು. ಹಾಕಿದೆ, ಅದಕ್ಕೆ ಈಗ ನಾಚಿಕೆಯಾಗುತ್ತದೆ. ಕಂಪ್ಯೂಟರ್‌ನ ಕಾವಲನ್ನು ನಾನೇ ತೆಗೆದು ಗೊತ್ತಿಲ್ಲದ ಫೈಲ್ ಒಳಗೆ ಬಿಟ್ಟುಕೊಂಡೆ. ನಾಲ್ಕು ನಿಮಿಷ ರೆಕಾರ್ಡ್ ಆಯಿತು. ಆಮೇಲೆ ಚಟಚಟ ಸದ್ದು, ಆಮೇಲೆ ನೀಲಿ ಸ್ಕ್ರೀನ್.

ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ತಂಗಿ ಮಗ ಬಂದು ಬಿಡಿಸಿ ಹೇಳಿದ. ಯುಎಸ್‌ಬಿ ಆಡಿಯೋಗೆ ಅಂತಲೇ ಒಂದು ಸಾಮಾನ್ಯ ನಿಯಮ ಇದೆ. ಅದರ ಪ್ರಕಾರ ಮಾಡಿದ್ದಕ್ಕೆ ಕ್ಲಾಸ್ ಕಂಪ್ಲಯಂಟ್ ಅನ್ನುತ್ತಾರೆ, ಅದಕ್ಕೆ ಬೇರೆ ಡ್ರೈವರ್ ಬೇಡ. ಹೆಚ್ಚು ಚಾನೆಲ್, ಹೆಚ್ಚು ಗುಣಮಟ್ಟಕ್ಕೆ ಬೇಕಾದ ಎರಡನೇ ಆವೃತ್ತಿ 2006ರಲ್ಲೇ ಬಂತು. ಮ್ಯಾಕ್‌ನಲ್ಲಿ 2010ರ ಹೊತ್ತಿಗೆ ಅದು ನಡೆಯುತ್ತಿತ್ತು. ವಿಂಡೋಸ್ ತನ್ನದೇ ಡ್ರೈವರ್ ಕೊಟ್ಟಿದ್ದು 2017ರಲ್ಲಿ, ವಿಂಡೋಸ್ 10ರ ಒಂದು ಅಪ್‌ಡೇಟ್ ಜೊತೆ. ಅಲ್ಲಿಯವರೆಗೆ ಒಂದೊಂದು ಕಂಪನಿಯೂ ತನ್ನ ತನ್ನ ಡ್ರೈವರ್ ಬರೆದುಕೊಳ್ಳುತ್ತಿತ್ತು. ನನ್ನದು ಆ ಕಾಲದ ಡಬ್ಬಿ, ಕ್ಲಾಸ್ ಕಂಪ್ಲಯಂಟೂ ಅಲ್ಲ. ಕಂಪನಿ ಡ್ರೈವರ್ ಬರೆಯುವುದು ನಿಲ್ಲಿಸಿದ ದಿನವೇ ಹೊಸ ವಿಂಡೋಸ್‌ನಲ್ಲಿ ಇದರ ಕಥೆ ಮುಗಿದಿತ್ತು. ಒಳಗಿನ ಎಲೆಕ್ಟ್ರಾನಿಕ್ಸ್ ಇವತ್ತಿಗೂ ಚೆನ್ನಾಗಿದೆ, ಅದೇ ಸಂಕಟ.

ಹುತ್ತರಿ ದಿನ ದೊಡ್ಡಪ್ಪ ಐನ್‌ಮನೆಯ ನಡುಮನೆಯಲ್ಲಿ ನೆಲ್ಲಕ್ಕಿ ದೀಪದ ಕೆಳಗೆ ಕೂತು ಮುಕ್ಕಾಲು ಗಂಟೆ ಹಾಡಿದರು. ಫೋನ್‌ನಲ್ಲಿ ಹಿಡಿದೆ. ದುಡಿಯ ಸದ್ದಿನಲ್ಲಿ ಮಾತುಗಳೇ ಕೇಳುವುದಿಲ್ಲ. "ಸರಿಯಾಗಿ ಬಂತಾ ಮಗ?" ಅಂತ ಕೇಳಿದರು. ಬಂತು ಅಂದೆ.

ಮಾಡೆಲ್ ನಂಬರ್ ಕೇಳಿ, ದುಡ್ಡು ಕೊಡುವ ಮುಂಚೆ ಕಂಪನಿಯ ಸೈಟ್‌ನಲ್ಲಿ ನಿಮ್ಮ ವಿಂಡೋಸ್‌ಗೆ ಡ್ರೈವರ್ ಇದೆಯಾ ನೋಡಿ. ಕ್ಲಾಸ್ ಕಂಪ್ಲಯಂಟ್ ಹೌದೋ ಅಲ್ಲವೋ ಬಾಯಿ ಬಿಟ್ಟು ಕೇಳಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಹಾಕಿ ಅರ್ಧ ಗಂಟೆ ರೆಕಾರ್ಡ್ ಮಾಡಿ, ಅವರು ಮುಖ ಸಿಂಡರಿಸಿದರೂ ಪರವಾಗಿಲ್ಲ. "ಪ್ಲಗ್ ಅಂಡ್ ಪ್ಲೇ" ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ಸೋಮವಾರ ಬೆಳಗಿನ ಬಸ್ಸಿಗೆ ಮತ್ತೆ ಆ ಅಂಗಡಿಗೆ ಹೋಗುತ್ತಿದ್ದೇನೆ. ಈ ಸಲ ನನ್ನ ಲ್ಯಾಪ್‌ಟಾಪ್ ಅವರ ಕೌಂಟರ್ ಮೇಲೆ ಇಡುತ್ತೇನೆ, ಎಲ್ಲ ಗಿರಾಕಿಗಳ ಮುಂದೆ ನಡೆಸಿ ತೋರಿಸಿ ಅನ್ನುತ್ತೇನೆ.