ಸೆಲೆಸ್ಟ್ರಾನ್ ಎಫ್/6.3 ರೆಡ್ಯೂಸರ್: ನೆಬ್ಯುಲಾಗೆ ಬೇಕು, ಗುರುಗ್ರಹಕ್ಕೆ ಬೇಡ

ನನ್ನ ಹತ್ತಿರ ಇರುವುದು 5 ಇಂಚಿನ ಸೆಲೆಸ್ಟ್ರಾನ್ ಟೆಲಿಸ್ಕೋಪ್, ಮೋಟಾರ್ ಇರುವ ನೆಕ್ಸ್‌ಸ್ಟಾರ್ ಸ್ಟ್ಯಾಂಡ್ ಮೇಲೆ. ಫೋಕಲ್ ಲೆಂತ್ 1250 ಮಿ.ಮೀ., ಎಫ್/10. ಚಂದ್ರ, ಶನಿಗೆ ಸೂಪರ್. ಆದರೆ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ ಸಿಕ್ಕಿಸಿ ಮಹಾವ್ಯಾಧನ ನೆಬ್ಯುಲಾ, ಅಂದರೆ ಒರಾಯನ್‌ನ ಅನಿಲ-ಧೂಳಿನ ಮೋಡದ ಕಡೆ ತಿರುಗಿಸಿದರೆ ಅದರ ರೆಕ್ಕೆಗಳು ಫ್ರೇಮಿನ ಅಂಚಿಗೆ ಹೋಗಿ ಕತ್ತರಿಸಿಹೋಗುತ್ತವೆ.

ರೆಡ್ಯೂಸರ್ ಅಂದರೆ ಟೆಲಿಸ್ಕೋಪಿನ ಹಿಂದೆ, ಕ್ಯಾಮೆರಾಗೆ ಮುಂಚೆ ಹಾಕುವ ಲೆನ್ಸ್; ಎಫ್/10 ಅನ್ನು ಎಫ್/6.3 ಮಾಡುತ್ತದೆ. ಅದನ್ನು ಹಾಕಿದ ಮೇಲೆ ಫೋಕಲ್ ಲೆಂತ್ ಸುಮಾರು 790 ಮಿ.ಮೀ.ಗೆ ಇಳಿಯುತ್ತದೆ. ಫ್ರೇಮಿನ ಉದ್ದ ಒಂದು ಡಿಗ್ರಿಯಿಂದ 1.6 ಡಿಗ್ರಿಗೆ ಹೋಗುತ್ತದೆ. ನೆಬ್ಯುಲಾ ಪೂರ್ತಿ ಬರುತ್ತದೆ, ಕ್ಯಾಮೆರಾ ಸರಿಯಾಗಿ ತಿರುಗಿಸಿಟ್ಟರೆ ಪಕ್ಕದ ರನ್ನಿಂಗ್ ಮ್ಯಾನ್ ನೆಬ್ಯುಲಾ ಕೂಡ. ಇನ್ನೊಂದು ಲಾಭ, ನನಗೆ ಇದೇ ದೊಡ್ಡದು: ಒಂದೊಂದು ಪಿಕ್ಸೆಲ್‌ಗೆ ಬೀಳುವ ನೆಬ್ಯುಲಾದ ಬೆಳಕು ಎರಡೂವರೆ ಪಟ್ಟು ಜಾಸ್ತಿ. ನೆಕ್ಸ್‌ಸ್ಟಾರ್ ಥರದ ಸ್ಟ್ಯಾಂಡ್ ಮೇಲೆ ಉದ್ದ ಎಕ್ಸ್‌ಪೋಷರ್ ಕೊಡೋಕೆ ಆಗಲ್ಲ, ಆಕಾಶ ತಿರುಗಿದ ಹಾಗೆ ಫ್ರೇಮಿನೊಳಗೆ ಚಿತ್ರ ಕೂಡ ತಿರುಗುತ್ತದೆ, 15-20 ಸೆಕೆಂಡಿನ ನೂರಾರು ಫೋಟೊ ತೆಗೆದು ಡೀಪ್‌ಸ್ಕೈಸ್ಟ್ಯಾಕರ್ ಸಾಫ್ಟ್‌ವೇರ್‌ನಲ್ಲಿ ಒಟ್ಟು ಮಾಡುವುದೇ ದಾರಿ. ಅಂಥ ಕಡೆ ಈ ಎರಡೂವರೆ ಪಟ್ಟು ಅಂದರೆ ಸಣ್ಣ ವಿಷಯ ಅಲ್ಲ.

ಅಂಚಿನ ನಕ್ಷತ್ರಗಳೂ ಮೊದಲಿಗಿಂತ ದುಂಡಗೆ. ಆದರೆ ಒಂದು ಷರತ್ತು: ರೆಡ್ಯೂಸರ್‌ನ ಹಿಂಭಾಗದಿಂದ ಸೆನ್ಸರ್‌ಗೆ 105 ಮಿ.ಮೀ. ದೂರ ಇರಲೇಬೇಕು. ಡಿಎಸ್‌ಎಲ್‌ಆರ್ ಇದ್ದವರಿಗೆ ತಲೆನೋವಿಲ್ಲ, ಟೆಲಿಸ್ಕೋಪಿನ ಕಡೆಗೆ ಹಾಕುವ ಸೆಲೆಸ್ಟ್ರಾನ್ ಟಿ-ಅಡಾಪ್ಟರ್ 50, ಕ್ಯಾಮೆರಾಗೆ ಹಾಕುವ ಟಿ-ರಿಂಗ್ ಮತ್ತು ಕ್ಯಾಮೆರಾ ಸೇರಿ 55, ಲೆಕ್ಕ ಮುಗಿಯಿತು. ಸೆನ್ಸರ್ 17.5 ಮಿ.ಮೀ. ಒಳಗಿರುವ ಅಸ್ಟ್ರೋ ಕ್ಯಾಮೆರಾ ಆದರೆ ಇನ್ನೂ 87.5 ಮಿ.ಮೀ. ಸ್ಪೇಸರ್ ಹುಡುಕಬೇಕು. ನಾನು ಕೇಳಿದ ಅಂಗಡಿಯವರು "ಯಾವುದಾದರೂ ನಡೆಯುತ್ತೆ ಸಾರ್" ಅಂದರು. ನಡೆಯಲ್ಲ. ದೂರ ತಪ್ಪಿದರೆ ಮೂಲೆಯ ನಕ್ಷತ್ರಗಳು ಎಳೆದ ಹಾಗೆ ಕಾಣುತ್ತವೆ.

ಮೂಲೆಗಳು ಸ್ವಲ್ಪ ಕಪ್ಪಾಗುವುದು ಎಪಿಎಸ್-ಸಿಯಲ್ಲೂ ಇದೆ, ಫುಲ್ ಫ್ರೇಮ್‌ನಲ್ಲಂತೂ ಎದ್ದು ಕಾಣುತ್ತದೆ. ಅದಕ್ಕೆ ಫ್ಲಾಟ್ ಫ್ರೇಮ್, ಅಂದರೆ ಆ ಕಪ್ಪು ಮತ್ತು ಧೂಳಿನ ಕಲೆಗಳನ್ನು ಆಮೇಲೆ ಸರಿಪಡಿಸಲು ಬೇಕಾದ ಸಮ ಬೆಳಕಿನ ಫೋಟೊ, ತೆಗೆಯಲೇಬೇಕು. ಬಿಳಿ ಬನಿಯನ್ ಅನ್ನು ಟ್ಯೂಬಿನ ಬಾಯಿಗೆ ಸುಕ್ಕಿಲ್ಲದೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಬೆಳಗಾಗುವ ಹೊತ್ತಿನ ಆಕಾಶಕ್ಕೆ ಹಿಡಿದು ಕ್ಲಿಕ್ಕಿಸಿದರೆ ಸಾಕು. ಕ್ಯಾಮೆರಾ, ಫೋಕಸ್ ಎರಡನ್ನೂ ಮುಟ್ಟಬಾರದು ಅಷ್ಟೇ, ಇಲ್ಲದಿದ್ದರೆ ಧೂಳಿನ ಉಂಗುರಗಳು ಜಾಗ ಬಿಟ್ಟು ಕೂರುತ್ತವೆ.

ಬೆಂಗಳೂರಿನ ಬೀದಿದೀಪಗಳಿಗೆ ಇದು ಮದ್ದಲ್ಲ. ಆಕಾಶದ ಬೆಳಕೂ ಅಷ್ಟೇ ಪಟ್ಟು ಹೆಚ್ಚಾಗುತ್ತದೆ ಅಲ್ವಾ? ಕತ್ತಲೆ ಇರುವ ಊರಿಗೆ ಹೋದಾಗ ಏಪ್ರಿಲ್-ಮೇ ರಾತ್ರಿ ದಕ್ಷಿಣಕ್ಕೆ ತಿರುಗಿಸಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ತೆಗೆಯಿರಿ, ನಮ್ಮ ಕಡೆ ಅದು 30 ಡಿಗ್ರಿ ಎತ್ತರಕ್ಕೆ ಬರುತ್ತದೆ, ಲಂಡನ್ನಿನವರಿಗೆ ಆ ಭಾಗ್ಯ ಇಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿ ಮಾತ್ರ ಇದರಲ್ಲೂ ಹಿಡಿಸಲ್ಲ, ಮೂರು ಡಿಗ್ರಿ ಅಗಲ ಅದು.

ಗುರು, ಶನಿ ತೆಗೆಯುವಾಗ ಬಿಚ್ಚಿಡಿ, ಅಲ್ಲಿ ಚಿತ್ರ ಚಿಕ್ಕದಾಗುವುದೇ ನಷ್ಟ. ಇನ್ನು, ಸೆಲೆಸ್ಟ್ರಾನ್‌ನದೇ ಎಡ್ಜ್ ಎಚ್‌ಡಿ ಟೆಲಿಸ್ಕೋಪ್ ಇದ್ದವರಿಗೆ ಇದು ಹೊಂದುವುದಿಲ್ಲ, ಅದಕ್ಕೆ ಬೇರೆ ರೆಡ್ಯೂಸರ್ ಇದೆ. ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪ್) ಇಟ್ಟುಕೊಂಡವರು ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ, ಅಂಚಿನ ನಕ್ಷತ್ರಗಳ ಬಾಲ ಸರಿಪಡಿಸುವ ಕೋಮಾ ಕರೆಕ್ಟರ್ ನೋಡಿ.