ಜುಜುತ್ಸು ಕೈಸೆನ್: ಓದೋದಾ, ನೋಡೋದಾ, ಆಡೋದಾ?

ಜುಜುತ್ಸು ಕೈಸೆನ್ ಎಂಬ ಜಪಾನಿ ಕತೆ ಮಂಗಾ (ಕಾಮಿಕ್ಸ್), ಆನಿಮೆ (ಕಾರ್ಟೂನ್ ಸರಣಿ), ಸಿನಿಮಾ, ಗೇಮ್ ಎಲ್ಲದರಲ್ಲೂ ಸಿಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಂಗಾಕ್ಕೆ. ಅದೂ ಕಾಗದದ ಮೇಲೆ ಅಚ್ಚಾದ ಮಂಗಾಕ್ಕೆ. ಆನಿಮೆಯ ಎರಡು ಸೀಸನ್ ಮುಗಿಸಿ, ಸಿನಿಮಾ ನೋಡಿ, ಗೇಮಿಗೂ ದುಡ್ಡು ಹಾಕಿದ ಮೇಲೆ ಮಂಗಾ ಬರೆದ ಗೆಗೆ ಅಕುತಾಮಿಯವರ ಸಂಪುಟಗಳನ್ನು ಕೊಳ್ಳತೊಡಗಿದೆ. ಈ ಕತೆ ನನಗೆ ನಿಜವಾಗಿ ದಕ್ಕಿದ್ದು ಆಗಲೇ. ಕಥಾನಾಯಕ ಯೂಜಿ ಶಾಪಗಳ ರಾಜ ಸುಕುನನ ಬೆರಳು ನುಂಗಿದ್ದು, ಅವನ ಗುರು ಗೋಜೊನ ಕಣ್ಣುಪಟ್ಟಿ ಇವೆಲ್ಲ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಕತೆ ಹೇಳಲು ಹೋಗುವುದಿಲ್ಲ.

ಮಂಗಾ ಯಾಕೆ? ಇದು ನಿಯಮಗಳ ಮೇಲೆ ನಿಂತಿರುವ ಕತೆ. ಶಾಪಗಳೆಂಬ ಪಿಶಾಚಿಗಳೊಂದಿಗೆ ಕಾದಾಡುವ ಇಲ್ಲಿನ ಮಾಂತ್ರಿಕರು ಬರೀ ತೋಳ್ಬಲದಿಂದ ಗೆಲ್ಲುವುದಿಲ್ಲ. ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡು, ಅದರ ಪ್ರತಿಫಲವಾಗಿ ಶಕ್ತಿ ಪಡೆಯುತ್ತಾರೆ. ವ್ರತ ಹಿಡಿದು ವರ ಪಡೆದವರ ಕತೆ ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನನಾಮಿ ಎಂಬ ಮಾಂತ್ರಿಕ ಕೆಲಸದ ಸಮಯದಲ್ಲಿ ತನ್ನ ಶಕ್ತಿಯನ್ನು ಅದುಮಿಟ್ಟುಕೊಳ್ಳುತ್ತಾನೆ, ಓವರ್‌ಟೈಮ್ ಶುರುವಾಯಿತೋ ಅದು ಉಕ್ಕುತ್ತದೆ. ಸುಕುನ ತನ್ನ ಡೊಮೇನಿಗೆ, ಅಂದರೆ ಎದುರಾಳಿಯನ್ನು ಒಳಗೆ ಹಾಕಿಕೊಳ್ಳುವ ಮಾಯಾವಲಯಕ್ಕೆ, ಗೋಡೆಯನ್ನೇ ಕಟ್ಟುವುದಿಲ್ಲ. ಎದುರಾಳಿ ತಪ್ಪಿಸಿಕೊಳ್ಳಲು ದಾರಿ ಬಿಟ್ಟಿದ್ದಕ್ಕೇ ಅದರ ಹರವು ಹಿಗ್ಗುತ್ತದೆ.

ಟೋಕಿಯೊದ ಶಿಬುಯಾ ಸ್ಟೇಷನ್ನಿನ ಕೆಳಗಿನ ಪ್ಲಾಟ್‌ಫಾರ್ಮಿನಲ್ಲಿ ಗೋಜೊ ತನ್ನ ಡೊಮೇನ್ ತೆರೆಯುವುದು ಬರೀ 0.2 ಸೆಕೆಂಡ್. ಅಲ್ಲಿ ಸಿಕ್ಕಿಬಿದ್ದಿರುವ ಸಾಮಾನ್ಯ ಜನ ಅಷ್ಟನ್ನು ತಡೆದುಕೊಂಡಾರು ಎಂದು ಅವನು ಮಾಡಿದ ಅಂದಾಜು ಅದು. ಆಮೇಲೆ 299 ಸೆಕೆಂಡಿನಲ್ಲಿ ರೂಪ ಕೆಟ್ಟುಹೋದ ಸಾವಿರದಷ್ಟು ಮನುಷ್ಯರನ್ನು ಮುಗಿಸುತ್ತಾನೆ. ಪುಸ್ತಕದಲ್ಲಿ ಆ 0.2 ಸೆಕೆಂಡಿನ ಮೇಲೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಎರಡು ಪುಟ ಹಿಂದೆ ಹೋಗಿ, ಯಾರು ಎಲ್ಲಿ ನಿಂತಿದ್ದರು, ಯಾಕೆ ಆ ತೀರ್ಮಾನಕ್ಕೆ ಬಂದ ಎಂದು ನೋಡಿ, ಮತ್ತೆ ಮುಂದೆ ಬರಬಹುದು. ಆನಿಮೆಯಲ್ಲಿ ನಿರೂಪಕ ಅದನ್ನೆಲ್ಲ ಹೇಳುತ್ತಾನೆ ನಿಜ. ಆದರೆ ಜಪಾನಿ ಬಾರದ ನನ್ನ ಕಣ್ಣು ಪರದೆಯ ಕೆಳಗಿನ ಇಂಗ್ಲಿಷ್ ಸಾಲಿಗೆ ಅಂಟಿಕೊಂಡಿರುವಾಗ ಮೇಲಿನ ಚಿತ್ರ ಓಡಿಹೋಗಿರುತ್ತದೆ. ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇದೆ. ಅವು ಚೆನ್ನಾಗಿ ಬರುವವರಿಗೆ ಈ ತೊಂದರೆ ಅಷ್ಟಿಲ್ಲ.

ಆನಿಮೆಯಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಮಬ್ಬು. ಎರಡನೇ ಸೀಸನ್ ಬಂದಿದ್ದು 2023ರಲ್ಲಿ, ಒಟ್ಟು 23 ಎಪಿಸೋಡು, ಹೆಚ್ಚಿನ ಪಾಲು ಶಿಬುಯಾದ ಒಂದೇ ರಾತ್ರಿಯ ಕತೆ. ಮಾಪ್ಪಾ ಸ್ಟುಡಿಯೋದವರು ಸುಕುನ ಮತ್ತು ಮಹೊರಾಗ ಎಂಬ ದೈತ್ಯನ ಕಾಳಗವನ್ನು ಮಂಗಾದಲ್ಲಿರುವುದಕ್ಕಿಂತ ಎಷ್ಟೋ ಹಿಗ್ಗಿಸಿ, ಊರಿಗೆ ಊರೇ ಉರುಳುವಂತೆ ಬರೆದಿದ್ದಾರೆ. ಅಂಥ ಕಡೆಯೇ, ಹೊಡೆತ ಬೀಳುವ ಸರಿಯಾದ ಕ್ಷಣಕ್ಕೆ, ಪರದೆ ಕಪ್ಪಿಡುತ್ತದೆ. ಒಂದು ಚಿತ್ರದ ಮೇಲೆ ಹಿಂದಿನ ಚಿತ್ರದ ನೆರಳು ಉಳಿದುಕೊಂಡು ಕೈ ಯಾವುದು, ಕತ್ತಿ ಯಾವುದು ತಿಳಿಯುವುದಿಲ್ಲ. ಬ್ರೈಟ್‌ನೆಸ್ ಪೂರ್ತಿ ಏರಿಸಿದೆ, ದೀಪ ಆರಿಸಿದೆ, ಕಿಟಕಿಗೆ ಪರದೆ ಎಳೆದೆ. ಏನೂ ಬದಲಾಗಲಿಲ್ಲ, ಯಾಕೆಂದರೆ ಮಬ್ಬು ಇದ್ದದ್ದು ಚಿತ್ರದಲ್ಲೇ.

ಇದಕ್ಕೆ ಕಾರಣವಿದೆ, ಆ ಕಾರಣದ ಬಗ್ಗೆ ನನಗೆ ತಕರಾರಿಲ್ಲ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಪೊಕೆಮಾನ್‌ನ ಒಂದು ಎಪಿಸೋಡು ಪ್ರಸಾರವಾದಾಗ, ಕೆಂಪು ನೀಲಿ ಬೆಳಕು ಪಟಪಟ ಮಿನುಗಿದ್ದಕ್ಕೆ 650ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಹಲವರಿಗೆ ಫಿಟ್ಸ್ ಬಂದಿತ್ತು. ಅಂದಿನಿಂದ ಅಲ್ಲಿನ ಟಿವಿಗೆ ಹೋಗುವ ಆನಿಮೆಯಲ್ಲಿ ಮಿನುಗು ಮಿತಿ ಮೀರಿದ ಕಡೆ ಬೆಳಕು ಇಳಿಸುತ್ತಾರೆ, ಚಿತ್ರಗಳನ್ನು ಒಂದರೊಳಗೊಂದು ಬೆರೆಸುತ್ತಾರೆ. ಮಕ್ಕಳ ಜೀವಕ್ಕಿಂತ ದೊಡ್ಡದು ಯಾವ ಕಾಳಗವೂ ಅಲ್ಲ. ಆದರೆ ನೀಲಿ, ಕೆಂಪು, ನೇರಳೆ ಬೆಳಕು ಸಿಡಿಸುವುದೇ ಗೋಜೊನ ವಿದ್ಯೆ, ಬ್ಲ್ಯಾಕ್ ಫ್ಲ್ಯಾಶ್ ಎಂಬ ಹೊಡೆತವೆಂದರೇನೇ ಮಿಂಚು. ಬೇರೆ ಆನಿಮೆಗೆ ಅಲ್ಲೊಂದು ಇಲ್ಲೊಂದು ತಟ್ಟುವ ಈ ಮಬ್ಬು ಇದಕ್ಕೆ ಎದೆಗೇ ತಟ್ಟುತ್ತದೆ.

ಟಿವಿಗೆಂದು ಮಬ್ಬು ಮಾಡಿದ ಆ ಪ್ರತಿಯೇ ಸ್ಟ್ರೀಮಿಂಗಿನಲ್ಲಿ ನನ್ನ ಮನೆಗೂ ಬಂದದ್ದು. ಜಪಾನಿನ ಬ್ಲೂ-ರೇ ಡಿಸ್ಕಿನಲ್ಲಿ ಬೆಳಕು ಮರಳಿ ಬಂದಿದೆ, ಆದರೆ ಅದನ್ನು ಅಲ್ಲಿಂದ ತರಿಸುವುದು ನನ್ನ ಸಂಬಳದಲ್ಲಿ ಆಗುವ ಮಾತಲ್ಲ. ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆಗೆ ಈ ಕಾಟವಿಲ್ಲ.

ಆನಿಮೆಯೇ ಗೆಲ್ಲುವ ಜಾಗವೂ ಉಂಟು. ಗೋಜೊ ಮತ್ತು ಅವನ ಗೆಳೆಯ ಗೆತೊ ಓದುತ್ತಿದ್ದ ದಿನಗಳ ಐದು ಎಪಿಸೋಡನ್ನು ಆನಿಮೆಯಲ್ಲೇ ನೋಡಿ. ನನಾಮಿಗೆ ಕೆಂಜಿರೊ ತ್ಸುದಾ ಕೊಟ್ಟಿರುವ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಪುಸ್ತಕ ಓದುವಾಗಲೂ ಅದೇ ಕೇಳಿಸುತ್ತದೆ.

ಸಿನಿಮಾ, ಅಂದರೆ ಜುಜುತ್ಸು ಕೈಸೆನ್ 0, ಜಪಾನಿನಲ್ಲಿ 2021ರ ಡಿಸೆಂಬರ್ 24ರಂದು ಬಿಡುಗಡೆಯಾಯಿತು. ಕತೆಯೊಳಗೆ ಗೆತೊ ಶಾಪಗಳ ದಂಡು ಬಿಡುವುದೂ ಡಿಸೆಂಬರ್ 24ರಂದೇ. ಮೂಲ ಮಂಗಾ ಒಂದೇ ಸಂಪುಟ. ಅದರಲ್ಲಿ ಗೋಜೊ ಮತ್ತು ಗೆತೊನ ಸಹಚರ ಮಿಗೆಲ್‌ನ ಕಾಳಗ ಹೆಚ್ಚುಕಡಿಮೆ ಚೌಕಟ್ಟಿನ ಆಚೆಗೇ ನಡೆದುಹೋಗುತ್ತದೆ. ಸಿನಿಮಾದಲ್ಲಿ ಅದನ್ನು ಕಣ್ತುಂಬ ತೋರಿಸಿದ್ದಾರೆ. ಇಲ್ಲೂ ಪುಸ್ತಕಕ್ಕಿಂತ ಪರದೆ ಮೇಲು. ಹೊಸಬರಿಗೆ ರುಚಿ ಹತ್ತಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಯೂಜಿ ಬರುವುದಕ್ಕೂ ಮುಂಚಿನ ಕತೆಯಾದ್ದರಿಂದ ಅವನ ಪರಿಚಯವೇ ಬೇಕಾಗಿಲ್ಲ, ಎರಡು ತಾಸಿನೊಳಗೆ ಮುಗಿಯುತ್ತದೆ.

2024ರ ಫೆಬ್ರವರಿಯಲ್ಲಿ ಬಂದ ಜೋಡಿ ಕಾಳಗದ ಗೇಮನ್ನು ಕೊಳ್ಳಬೇಡಿ. ಕತೆಯ ಭಾಗವನ್ನು ಬಹುಪಾಲು ಆನಿಮೆಯ ನಿಂತ ಚಿತ್ರಗಳಲ್ಲೇ ಸಾಗಿಸಿದ್ದಾರೆ, ಕಾಳಗದಲ್ಲಿ ಆ ನಿಯಮಗಳ ಸೊಗಸೂ ಉಳಿದಿಲ್ಲ. ನಾನು ತೆತ್ತ ಬೆಲೆಗೆ ಶಿಬುಯಾ ಭಾಗದ ಏಳೂ ಸಂಪುಟ ಹೆಚ್ಚುಕಡಿಮೆ ಬಂದುಬಿಡುತ್ತವೆ. ಎರಡು ಕಾದಂಬರಿಗಳೂ ಇವೆ, ತೀರಾ ಪ್ರೀತಿ ಇದ್ದವರಿಗೆ.

ಮಂಗಾದಲ್ಲೂ ಕೊರತೆ ಇದೆ. ವಾರ ವಾರ ಬರೆಯುವ ಒತ್ತಡ ಕೊನೆಕೊನೆಯ ಸಂಪುಟಗಳ ಗೆರೆಗಳಲ್ಲಿ ಕಾಣುತ್ತದೆ. 2021ರಲ್ಲಿ ಅಕುತಾಮಿ ಆರೋಗ್ಯ ಕೆಟ್ಟು ಕೆಲ ವಾರ ನಿಲ್ಲಿಸಿಯೂ ಇದ್ದರು. ಬಲದಿಂದ ಎಡಕ್ಕೆ ಓದುವುದು ಬೇಗ ರೂಢಿಯಾಗುತ್ತದೆ. ಮೊಬೈಲಿನಲ್ಲಿ ಓದುವುದು ನನಗೆ ಹಿಡಿಸದ್ದು ಬೇರೆ ಕಾರಣಕ್ಕೆ. ಎರಡು ಪುಟ ತುಂಬುವ ಚಿತ್ರ ಅಲ್ಲಿ ಅರ್ಧರ್ಧ ತುಂಡಾಗುತ್ತದೆ, ಸುಕುನನ ಡೊಮೇನಿನಂಥ ಚಿತ್ರವನ್ನು ಹಾಗೆ ನೋಡಲು ಮನಸ್ಸು ಬರುವುದಿಲ್ಲ.

2018ರಿಂದ 2024ರವರೆಗೆ 271 ಅಧ್ಯಾಯ, ಜಪಾನಿನಲ್ಲಿ 30 ಸಂಪುಟ. ನಾನು ಕೊಂಡ ಇಂಗ್ಲಿಷ್ ಪ್ರತಿಗಳಿಗೆ ತಲಾ ನಾಲ್ಕೈದು ನೂರು ರೂಪಾಯಿ ಬಿದ್ದಿದೆ, ಎಲ್ಲವನ್ನೂ ಕೊಳ್ಳುವುದು ಭಾರ. ಮಲಗುವ ಮುನ್ನ ಹತ್ತಿಪ್ಪತ್ತು ಪುಟ ಓದಿ, ಇಷ್ಟವಾದದ್ದನ್ನೇ ಮತ್ತೆ ಮತ್ತೆ ತಿರುವಿ ಹಾಕುವ ನನ್ನಂಥವರು ಹೀಗೆ ಮಾಡಬಹುದು: ಮೊದಲು ಸಿನಿಮಾ ಮತ್ತು ಮೊದಲ ಸೀಸನ್ನನ್ನು ಸ್ಟ್ರೀಮಿಂಗಿನಲ್ಲೇ ನೋಡಿ, ಶಿಬುಯಾಕ್ಕೆ 10ರಿಂದ 16ನೇ ಸಂಪುಟ ಕಾಗದದಲ್ಲೇ ಕೊಳ್ಳಿ, ತಿಂಗಳಿಗೆ ಒಂದರಂತೆ. ಅವನ್ನು ಓದಿದ ಮೇಲೆಯೇ ಎರಡನೇ ಸೀಸನ್ ಹಾಕಿ. ಮಬ್ಬಿನ ಹಿಂದೆ ಏನು ನಡೆಯುತ್ತಿದೆ ಎಂಬುದು ಆಗ ನಿಮಗೆ ಗೊತ್ತಿರುತ್ತದೆ.