ಸಿಗ್ಮಾ ಶಾಖೆಯ ಸದಸ್ಯನಿಗೊಂದು ಸ್ಮಾರಕ: ವಾಷಿಂಗ್ಟನ್ನಿನ ಕಿಂಗ್ ಸ್ಮಾರಕ ಮತ್ತು ಅಲ್ಲಿನ ರೇಂಜರ್ ಸೇವೆ

ವಾಷಿಂಗ್ಟನ್ ಡಿ.ಸಿ.ಗೆ ಹೋಗುವವರ ಪಟ್ಟಿಯಲ್ಲಿ ಶ್ವೇತಭವನ, ಕ್ಯಾಪಿಟಲ್ ಮತ್ತು ಲಿಂಕನ್ ಸ್ಮಾರಕ ತಪ್ಪುವುದಿಲ್ಲ. ಟೈಡಲ್ ಬೇಸಿನ್ ಎಂಬ ಜಲಾಶಯದ ವಾಯವ್ಯ ದಂಡೆಯಲ್ಲಿರುವ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕಕ್ಕೆ ಮಾತ್ರ ಹೆಚ್ಚಿನವರು ಒಂದು ಫೋಟೋ ತೆಗೆಸಿಕೊಳ್ಳುವಷ್ಟೇ ಹೊತ್ತು ಕೊಡುತ್ತಾರೆ. ಪ್ರವೇಶ ಉಚಿತವಾಗಿರುವ ಈ ಸ್ಮಾರಕವನ್ನೂ, ಅಷ್ಟೇ ಉಚಿತವಾಗಿ ಒದಗುವ, ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯ ಸಿಬ್ಬಂದಿಯಾದ ರೇಂಜರ್‌ಗಳ ವಿವರಣೆಯನ್ನೂ ನಾನು ಒಂದು ನಿರ್ದಿಷ್ಟ ಕುತೂಹಲದಿಂದ ನೋಡಲು ಹೋಗಿದ್ದೆ. ಅಮೆರಿಕದ ಕಪ್ಪು ವಿದ್ಯಾರ್ಥಿಗಳ ಆಲ್ಫಾ ಫೈ ಆಲ್ಫಾ ಎಂಬ ಫ್ರಟರ್ನಿಟಿ (ಕಾಲೇಜು ಯುವಕರ ಸೋದರ ಬಳಗ) ತನ್ನ ಹಳೆಯ ಸದಸ್ಯನೊಬ್ಬನಿಗಾಗಿ ಹಟ ಹಿಡಿದು ಕಟ್ಟಿಸಿದ ಸ್ಮಾರಕ ಇದು. ಆ ಹಿನ್ನೆಲೆ ತಿಳಿದು ಹೋದರೆ ಸ್ಮಾರಕದ ಗುಣವೂ ದೋಷವೂ ಬೇರೆಯೇ ಆಗಿ ಕಾಣುತ್ತವೆ.

ಆಲ್ಫಾ ಫೈ ಆಲ್ಫಾ ಹುಟ್ಟಿದ್ದು 1906ರ ಡಿಸೆಂಬರ್ 4ರಂದು, ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಓದುತ್ತಿದ್ದ ಬೆರಳೆಣಿಕೆಯ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಮಂದಿ 1905ರಲ್ಲಿ ಓದು ಮುಂದುವರಿಸಲು ಮರಳಿ ಬರಲಿಲ್ಲ. ಬಿಳಿಯರ ವಿದ್ಯಾರ್ಥಿ ಬಳಗಗಳ ಬಾಗಿಲು ಮುಚ್ಚಿತ್ತು, ಸಹಪಾಠಿಗಳ ನಡುವೆಯೂ ಒಂಟಿತನ ತಪ್ಪುತ್ತಿರಲಿಲ್ಲ. ಉಳಿದವರು ಓದಿಗೂ ಬದುಕಿಗೂ ಪರಸ್ಪರ ಆಸರೆಯಾಗಲೆಂದು ಕಟ್ಟಿಕೊಂಡ ಗುಂಪೇ ಮುಂದೆ ಫ್ರಟರ್ನಿಟಿಯಾಯಿತು. ಏಳು ಮಂದಿ ಸ್ಥಾಪಕರನ್ನು ಸದಸ್ಯರು ಇಂದಿಗೂ 'ರತ್ನಗಳು' ಎಂದೇ ಕರೆಯುತ್ತಾರೆ. ಹೊಸ ಶಾಖೆಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಡುತ್ತಾ ಹೋದ ಈ ಸಂಘಟನೆಗೆ ಹೊವರ್ಡ್ ವಿಶ್ವವಿದ್ಯಾಲಯದ ಬೀಟಾ ಶಾಖೆಯಿಂದ ಬಂದವರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್, ನ್ಯೂಯಾರ್ಕಿನ ಮೊದಲ ಕಪ್ಪು ಮೇಯರ್ ಡೇವಿಡ್ ಡಿಂಕಿನ್ಸ್ ಮತ್ತು ಕಿಂಗ್ ಅವರ ಒಡನಾಡಿ ಆಂಡ್ರ್ಯೂ ಯಂಗ್ ಇದ್ದಾರೆ. ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೇರಿದ ಥರ್ಗುಡ್ ಮಾರ್ಷಲ್ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್‌ಗಾಗಿ ಓದುತ್ತಿದ್ದ ಕಿಂಗ್ 1952ರ ಜೂನ್‌ನಲ್ಲಿ ಆ ನಗರದ ಸಿಗ್ಮಾ ಶಾಖೆಗೆ ಸೇರಿದರು. ನಾಲ್ಕು ವರ್ಷಗಳ ನಂತರ, ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ (ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಕಿಂಗ್ ಮುನ್ನಡೆಸಿದ ಚಳವಳಿ) ಇನ್ನೂ ನಡೆಯುತ್ತಿದ್ದಾಗಲೇ, ಫ್ರಟರ್ನಿಟಿಯ ಸುವರ್ಣ ಮಹೋತ್ಸವ ಬಫೆಲೊ ನಗರದಲ್ಲಿ ನಡೆದು, ಅಲ್ಲಿ ಅವರು ಭಾಷಣ ಮಾಡಿ ಗೌರವ ಸ್ವೀಕರಿಸಿದರು.

ಸ್ಮಾರಕದ ಪ್ರಸ್ತಾವ ಬಂದದ್ದು 1984ರಲ್ಲಿ, ಜಾರ್ಜ್ ಸೀಲಿ ಮತ್ತು ಫ್ರಟರ್ನಿಟಿಯ ಇನ್ನು ಕೆಲವು ಸದಸ್ಯರಿಂದ. ಸಂಸತ್ತಿನ ಅನುಮತಿ ದೊರೆಯಲು 1996ರವರೆಗೆ ಕಾಯಬೇಕಾಯಿತು. 2006ರ ನವೆಂಬರ್‌ನಲ್ಲಿ ಭೂಮಿಪೂಜೆಗೆ ಸಮನಾದ ಸಮಾರಂಭ ನಡೆಯಿತು, 2011ರ ಆಗಸ್ಟ್‌ನಲ್ಲಿ ಜನರಿಗೆ ಪ್ರವೇಶ ಸಿಕ್ಕಿತು, ಐರಿನ್ ಚಂಡಮಾರುತದಿಂದಾಗಿ ಮುಂದಕ್ಕೆ ಹೋದ ವಿಧ್ಯುಕ್ತ ಲೋಕಾರ್ಪಣೆ ಅಕ್ಟೋಬರ್ 16ರಂದು ಅಧ್ಯಕ್ಷ ಒಬಾಮ ಅವರ ಸಮ್ಮುಖದಲ್ಲಿ ಆಯಿತು. ಸುಮಾರು 12 ಕೋಟಿ ಡಾಲರ್ ವೆಚ್ಚದ ಈ ಯೋಜನೆಗೆ ಹಣ ಸಂಗ್ರಹಿಸಿದ ಪ್ರತಿಷ್ಠಾನವನ್ನು ಮುನ್ನಡೆಸಿದ ಹ್ಯಾರಿ ಜಾನ್ಸನ್ ಕೂಡ ಫ್ರಟರ್ನಿಟಿಯ ರಾಷ್ಟ್ರೀಯ ಅಧ್ಯಕ್ಷರಾಗಿದ್ದವರು. ಕಿಂಗ್ ಅವರ ಮಾತು ಮತ್ತು ರೂಪವನ್ನು ಬಳಸಿಕೊಂಡದ್ದಕ್ಕೆ ಪ್ರತಿಷ್ಠಾನವು ಅವರ ಕುಟುಂಬಕ್ಕೆ ಸುಮಾರು 8 ಲಕ್ಷ ಡಾಲರ್ ಸಲ್ಲಿಸಬೇಕಾಯಿತು ಎಂಬ ಸಂಗತಿ ಆ ದಿನಗಳಲ್ಲಿ ಸಾಕಷ್ಟು ಚರ್ಚೆಗೆ ಒಳಗಾಗಿತ್ತು. ನನಗೂ ಅದು ಅಷ್ಟಾಗಿ ರುಚಿಸುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ರೋಮಾ ಡಿಸೈನ್ ಗ್ರೂಪ್ ರೂಪಿಸಿದ ವಿನ್ಯಾಸದ ಮೂಲ ಕಲ್ಪನೆ ಚೆನ್ನಾಗಿದೆ. ಹತಾಶೆಯ ಬೆಟ್ಟವನ್ನು ಸೀಳಿ ಭರವಸೆಯ ಕಲ್ಲೊಂದನ್ನು ಹೊರತೆಗೆಯುವೆವು ಎಂಬ, ಕಿಂಗ್ ಅವರ 1963ರ 'ನನಗೊಂದು ಕನಸಿದೆ' ಭಾಷಣದ ಮಾತನ್ನು ಅಕ್ಷರಶಃ ಶಿಲೆಯಲ್ಲಿ ನಿಲ್ಲಿಸಲಾಗಿದೆ. ಸೀಳಿದ ಬಂಡೆಯ ನಡುವಿನ ಇಕ್ಕಟ್ಟಿನ ಹಾದಿಯಲ್ಲಿ ನಡೆದು ಬಂದರೆ ಎದುರಿಗೆ ನೀರು ತೆರೆದುಕೊಳ್ಳುತ್ತದೆ. ಮುಂದಕ್ಕೆ ತಳ್ಳಿದಂತೆ ನಿಂತ ಮೂರನೆಯ ಬಂಡೆಯ ಮುಂಬದಿಯಲ್ಲಿ, ಕೈಕಟ್ಟಿ ದೂರ ನೋಡುತ್ತಿರುವ ಕಿಂಗ್ ಅರ್ಧ ಮೂಡಿ ಬಂದಿದ್ದಾರೆ. ತೊಡಕಿರುವುದು ಆ ಮೂರ್ತಿಯಲ್ಲಿ. ಚೀನಾದ ಶಿಲ್ಪಿ ಲೇ ಯಿಶಿನ್ ಚೀನಾದ ಗ್ರಾನೈಟಿನಲ್ಲಿಯೇ ಕಡೆದ, 30 ಅಡಿ ಎತ್ತರದ ಈ ರೂಪವು ಲಿಂಕನ್ ಮತ್ತು ಜೆಫರ್ಸನ್ ಅವರ 19 ಅಡಿಯ ಪ್ರತಿಮೆಗಳನ್ನು ಮೀರಿಸುತ್ತದೆ. ಬೇರೆ ದೇಶಗಳಲ್ಲಿ ಜನ ಕೆಡವಿ ಹಾಕಿದ ರಾಜಕೀಯ ವಿಗ್ರಹಗಳ ಶೈಲಿಯನ್ನು ಇದು ನೆನಪಿಸುತ್ತದೆ ಎಂದು ಸರ್ಕಾರದ ಲಲಿತಕಲಾ ಆಯೋಗವೇ 2008ರಲ್ಲಿ ಆಕ್ಷೇಪಿಸಿತ್ತು. ಆನಂತರ ಮುಖಭಾವವನ್ನು ತುಸು ಮೃದುಗೊಳಿಸಿದರೂ ಆ ಆಕ್ಷೇಪ ಪೂರ್ತಿ ಹುಸಿಯಾಗಿಲ್ಲ. ಶಿಲ್ಪಿ ಚೀನಾದವರೆಂಬ ದೂರನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಬೇರೆ. ಒಬ್ಬರಿಗೊಬ್ಬರು ಹೆಗಲು ಕೊಡುವುದಕ್ಕೆಂದೇ ಹುಟ್ಟಿದ ಬಳಗವು ತನ್ನ ಸದಸ್ಯನನ್ನು ನೆನೆಯುವಾಗ, ಅವನ ಜೊತೆಯಲ್ಲಿ ನಡೆದ ಸಾವಿರಾರು ಜನರ ಸುಳಿವೂ ಇಲ್ಲದಂತೆ ಅವನೊಬ್ಬನನ್ನೇ ಬಂಡೆಯಲ್ಲಿ ನಿಲ್ಲಿಸಿದೆ. ಕಿಂಗ್ ಬದುಕಿದ್ದು ಜನರ ನಡುವೆ. ಈ ಮೂರ್ತಿಗೆ ನೆರೆಹೊರೆಯೇ ಇಲ್ಲ.

ಇದೇ ಸ್ವಭಾವದ ಇನ್ನೊಂದು ತಪ್ಪು ಬಂಡೆಯ ಪಕ್ಕದ ಬರಹದಲ್ಲಿ ಆಗಿತ್ತು, ಮತ್ತು ಅದನ್ನು ತಿದ್ದಿದ ಕ್ರಮ ಮೆಚ್ಚತಕ್ಕದ್ದು. ತೀರಿಕೊಳ್ಳುವುದಕ್ಕೆ ಎರಡು ತಿಂಗಳ ಮುಂಚೆ, 1968ರ ಫೆಬ್ರವರಿ 4ರಂದು, ಅಟ್ಲಾಂಟಾದ ಎಬೆನೀಜರ್ ಚರ್ಚಿನಲ್ಲಿ ಕಿಂಗ್ ತಮ್ಮ ಅಂತ್ಯಸಂಸ್ಕಾರದ ದಿನ ಏನು ಹೇಳಬೇಕೆಂಬುದನ್ನು ಕುರಿತು ಮಾತನಾಡಿದ್ದರು. ವಾದ್ಯಮೇಳದ ಮುಂದೆ ನಡೆಯುವ ನಾಯಕನೆಂದು ನನ್ನನ್ನು ಕರೆಯಲೇಬೇಕೆಂದಿದ್ದರೆ, ನ್ಯಾಯಕ್ಕಾಗಿ, ಶಾಂತಿಗಾಗಿ, ಧರ್ಮಕ್ಕಾಗಿ ಮುಂದೆ ನಡೆದವನು ಎನ್ನಿ ಎಂಬುದು ಅದರ ತಾತ್ಪರ್ಯ. ಮೇಲ್ಮೆಯ ಆಸೆಯನ್ನೇ ಟೀಕಿಸಿದ ಉಪದೇಶ ಅದು. ಬರಹವನ್ನು ಮೊಟಕುಗೊಳಿಸುವಾಗ 'ಕರೆಯಲೇಬೇಕೆಂದಿದ್ದರೆ' ಎಂಬ ಭಾಗ ಬಿಟ್ಟುಹೋಗಿ, 'ನಾನು ನಾಯಕನಾಗಿದ್ದೆ' ಎಂದು ಕಿಂಗ್ ತಾವೇ ಘೋಷಿಸಿಕೊಂಡಂತೆ ಕೆತ್ತಲಾಯಿತು. ಲೇಖಕಿ ಮಾಯಾ ಏಂಜೆಲೊ ಇದು ಅವರನ್ನು ಅಹಂಕಾರಿಯಂತೆ ತೋರಿಸುತ್ತದೆಂದು ಬಹಿರಂಗವಾಗಿ ಪ್ರತಿಭಟಿಸಿದರು. 2013ರಲ್ಲಿ ಅದೇ ಶಿಲ್ಪಿ ಬಂದು ಆ ಸಾಲನ್ನು ಅಳಿಸಿ, ಬಂಡೆಯ ಪಕ್ಕಗಳಲ್ಲಿ ಆಗಲೇ ಇದ್ದ ಉದ್ದುದ್ದ ಗೀರುಗಳಿಗೆ ಹೊಂದುವಂತೆ ಹೊಸ ಗೀರುಗಳನ್ನು ಕೊರೆದರು. ಈಗ ನೋಡುವವರಿಗೆ ಅಲ್ಲಿ ಏನೋ ಇತ್ತೆಂಬ ಅನುಮಾನವೂ ಬಾರದು.

ಸ್ಮಾರಕದ ನಿಜವಾದ ಸತ್ವ ಮೂರ್ತಿಯ ಎರಡೂ ಕಡೆ ಬಾಗಿ ಸಾಗುವ 450 ಅಡಿ ಉದ್ದದ ಗೋಡೆಯಲ್ಲಿದೆ. 1955ರ ಮಾಂಟ್‌ಗೊಮರಿಯಿಂದ 1968ರ ವಾಷಿಂಗ್ಟನ್ ಕೆಥೆಡ್ರಲ್‌ವರೆಗಿನ 14 ಉಕ್ತಿಗಳನ್ನು ಅದರ ಮೇಲೆ ಕೆತ್ತಲಾಗಿದೆ. ಅವನ್ನು ಕಾಲಾನುಕ್ರಮದಲ್ಲಿ ಜೋಡಿಸದೆ, ಎಲ್ಲಿಂದ ಬೇಕಾದರೂ ಓದಲು ಬಿಟ್ಟಿದ್ದಾರೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಮಾತಿಗೂ ಅಲ್ಲಿ ಸ್ಥಾನ ಸಿಕ್ಕಿದೆ. ಆದರೆ ಇತಿಹಾಸದ ಪರಿಚಯವಿಲ್ಲದ ಓದುಗನಿಗೆ ಬರಿಯ ಊರು ಮತ್ತು ಇಸವಿಯಿಂದ ಸಂದರ್ಭ ಹೊಳೆಯುವುದು ಕಷ್ಟ. ಇಲ್ಲಿ ನೆರವಿಗೆ ಬರುವವರು ರಾಷ್ಟ್ರೀಯ ಉದ್ಯಾನ ಸೇವೆಯ ರೇಂಜರ್‌ಗಳು. ನಾನು ಕೇಳಿದ ವಿವರಣೆಯಲ್ಲಿ ಬಾಯಿಪಾಠದ ವಾಸನೆ ಇರಲಿಲ್ಲ. ಫ್ರಟರ್ನಿಟಿಯ ಪಾತ್ರವೇನೆಂದು ಕೇಳಿದಾಗ 1984ರ ಪ್ರಸ್ತಾವದಿಂದ ಅಳಿಸಿದ ಬರಹದವರೆಗೆ ಎಲ್ಲವನ್ನೂ, ಟೀಕೆಗಳನ್ನು ಮುಚ್ಚಿಡದೆ, ಸಮಾಧಾನದಿಂದ ಹೇಳಿದರು. ಹಣ ಕೊಟ್ಟು ಕೊಳ್ಳುವ ಎಷ್ಟೋ ಗೈಡ್ ಸೇವೆಗಳಿಗಿಂತ ಇದು ಮೇಲು. ಒಂದೇ ಷರತ್ತು ಎಂದರೆ ನಾವಾಗಿಯೇ ಹೋಗಿ ಕೇಳಬೇಕು. ಮೂರ್ತಿಯ ಮುಂದೆ ಗುಂಪು ಸೇರುವ ಹೊತ್ತಿನಲ್ಲಿ ಅದಕ್ಕೆ ಸಂಕೋಚ ಪಡುವವರೇ ಹೆಚ್ಚು.

ನಮ್ಮವರು ಅವರ ಬಳಿ ಪ್ರಸ್ತಾಪಿಸಬಹುದಾದ ಒಂದು ವಿಷಯವೂ ಇದೆ. ಕಿಂಗ್ 1959ರಲ್ಲಿ ಪತ್ನಿ ಕೊರೆಟ್ಟಾ ಅವರೊಂದಿಗೆ ಗಾಂಧಿಯ ನಾಡನ್ನು ನೋಡಲು ಭಾರತಕ್ಕೆ ಬಂದಿದ್ದರು, ಆ ಪ್ರವಾಸದ ಊರುಗಳಲ್ಲಿ ಬೆಂಗಳೂರೂ ಒಂದು. ಅಹಿಂಸೆಯ ಉಕ್ತಿಗಳನ್ನು ಓದುವಾಗ ಈ ಎಳೆಯನ್ನು ಹಿಡಿದು ಮಾತಿಗೆಳೆದರೆ ರೇಂಜರ್‌ಗಳೊಂದಿಗಿನ ಸಂಭಾಷಣೆ ಇನ್ನಷ್ಟು ಬೆಳೆಯುತ್ತದೆ.

ಹತ್ತಿರದ ಮೆಟ್ರೋ ನಿಲ್ದಾಣ ಸ್ಮಿತ್ಸೋನಿಯನ್. ಅಲ್ಲಿಂದ ಸುಮಾರು ಅರ್ಧ ಗಂಟೆಯ ನಡಿಗೆ, ಆದ್ದರಿಂದ ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರು ಟ್ಯಾಕ್ಸಿ ಹಿಡಿಯುವುದು ಲೇಸು. ವಿಳಾಸ 1964, ಇಂಡಿಪೆಂಡೆನ್ಸ್ ಅವೆನ್ಯೂ. ನಾಗರಿಕ ಹಕ್ಕುಗಳ ಕಾಯ್ದೆ ಜಾರಿಯಾದ ವರ್ಷವನ್ನೇ ಮನೆಸಂಖ್ಯೆಯಾಗಿ ಇಟ್ಟಿದ್ದಾರೆ. ಮೂರ್ತಿ ಆಗ್ನೇಯಕ್ಕೆ ಮುಖ ಮಾಡಿರುವುದರಿಂದ ಚಿತ್ರ ತೆಗೆಯುವವರು ಬೆಳಿಗ್ಗೆ ಹೋಗಬೇಕು, ಮಧ್ಯಾಹ್ನದ ನಂತರ ಮುಖದ ಮೇಲೆ ನೆರಳು ಬೀಳುತ್ತದೆ. ಚೆರಿ ಹೂವಿನ ಕಾಲದಲ್ಲಿ ಇಡೀ ದಂಡೆ ಜನರಿಂದ ಕಿಕ್ಕಿರಿಯುವುದರಿಂದ, ಗೋಡೆಯ ಬರಹಗಳನ್ನು ಓದಲೆಂದೇ ಹೋಗುವವರು ಆ ಕೆಲವು ವಾರಗಳನ್ನು ಬಿಟ್ಟು ಬೇರೆ ಯಾವ ದಿನವನ್ನಾದರೂ ಆರಿಸಿಕೊಳ್ಳಬಹುದು.